ಅತ್ತಿಗೆ ತಿನ್ನಿಸಿದ ಕೆನೆ

ನಾರಿನ್ ಊರಿನ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಒಬ್ಬ ಹೆಂಗಸು, ಒಬ್ಬಳು ಹುಡುಗಿ. ಮಣ್ಣಿಗೆ ಹೋಗಿ ಬಂದವರು.

"ಅಮ್ಮ ನಿಜವಾಗಿ ನನ್ನ ಅಜ್ಜಿ, ಹೆತ್ತೋರು ನೀವು ಅಂತ ಅಮ್ಮನ ಹೆಣದ ಮುಂದೆ ಅಳೋ ಹಾಡಲ್ಲಿ ಕೇಳಿ ತಿಳ್ಕೋಬೇಕಿತ್ತಾ, ಅತ್ತಿಗೆ? ಊರಿಗೆಲ್ಲ ಗೊತ್ತಿತ್ತು!"

"ಚೊಚ್ಚಲ ಮಗು ಅತ್ತೆ ಮಡಿಲಿಗೆ, ಬೇಗಿಮಾಯ್. ನಮ್ಮಲ್ಲಿ ಮೊದಲಿಂದ ಹಾಗೇ."

"ಒಂದಿನಾನೂ ನನ್ನ ಎತ್ಕೊಳ್ಳಲಿಲ್ಲ ನೀವು."

"ಅತ್ತೆ ಎದುರಿಗೆ ಎತ್ಕೊಳ್ಳೋ ಹಾಗಿರಲಿಲ್ಲ."

"ಕದ್ದು ಕೆನೆ ತಿನ್ನಿಸ್ತಿದ್ರಿ. ಎಷ್ಟು ಒಳ್ಳೇ ಅತ್ತಿಗೆ ಅಂದ್ಕೋತಿದ್ದೆ."

"ಮೂತಿಗೆಲ್ಲ ಮೆತ್ಕೊಂಡು ನನ್ನ ಸಿಕ್ಕಿಹಾಕಿಸ್ತಿದ್ದೆ, ಕತ್ತೆ!"

ಹುಡುಗಿ ನಕ್ಕಳು.

"ಅಮ್ಮನ್ನ ಬೈಯೋಕೂ ಆಗ್ತಿಲ್ಲ. ಕತೆ ಹೇಳ್ತಾ ತಬ್ಕೊಂಡು ಮಲಗಿಸ್ತಿದ್ಲು."

"ಗೊತ್ತು. ಗೋಡೆಯಾಚೆ ನಾನೂ ಕೇಳಿಸ್ಕೋತಿದ್ದೆ."

ಬಸ್ ಬಂತು. ಹುಡುಗಿಯ ತಲೆ ಸವರಲು ಆಕೆ ಕೈ ಎತ್ತಿದಳು. ಸವರುವ ಮೊದಲು, ಅತ್ತೆ ನೋಡುತ್ತಿದ್ದಾರೇನೋ ಎಂಬಂತೆ, ಒಮ್ಮೆ ಹಿಂದಕ್ಕೆ ತಿರುಗಿದಳು.