ದಣಿವರಿಯದವಳು ಎಂದು ಬರೆಸಿದವಳು ನಾನು

ಅಧ್ಯಕ್ಷತೆ ವಹಿಸಿರುವ ಪಾದ್ರಿ ಒಸ್ಮುಂಡೊ ಅವರೇ, ಎರಡು ವರ್ಷ ನಮ್ಮ ಇಂಗ್ಲಿಷನ್ನು ಸಹಿಸಿಕೊಂಡ ಲುಂಡ್‌ಕ್ವಿಸ್ಟ್ ಟೀಚರ್ ಅವರೇ, ಕೋಳಿ ಕಾರ್ಖಾನೆಯ ಪಾಳಿ ಮುಗಿಸಿ ರಬ್ಬರ್ ಬೂಟನ್ನೂ ಬಿಚ್ಚದೆ ಈ ಚರ್ಚಿನ ನೆಲಮಾಳಿಗೆಗೆ ಓಡಿಬಂದಿರುವ ಸಭಿಕರೇ!

ಇಂಗ್ಲಿಷ್ ತರಗತಿ ಮುಗಿಸಿ ಪ್ರಮಾಣಪತ್ರ ಪಡೆದ ಹತ್ತೊಂಬತ್ತು ಜನರ ಪರವಾಗಿ ಮಾತಾಡಲು ನನಗೆ ಹೇಳಿದ್ದಾರೆ. ನಾನು ಕಾಲೇಜಿಗೆ ಹೋದವಳಲ್ಲ. ಕಾರ್ಖಾನೆಯ ಗೇಟಿನಲ್ಲಿ ಕಾರ್ಮಿಕ ಸಂಘದವರು ಹಂಚುವ ಕರಪತ್ರಗಳೇ ನನ್ನ ಕಾಲೇಜು. ಅವುಗಳಲ್ಲಿ ಒಂದು ಮಾತಿತ್ತು: ಭಾಷೆ ಇಲ್ಲದವನ ನೋವಿಗೆ ಸಾಕ್ಷಿ ಇಲ್ಲ. ಗೆಳೆಯರೇ, ಇದಕ್ಕಿಂತ ದೊಡ್ಡ ಸತ್ಯ ಉಂಟೇ?

ಟೀಚರ್ ಅವರ ಕಟ್ಟಳೆ ನಿಮಗೆ ಗೊತ್ತು. ಮಂಗಳವಾರ ಕಲಿತ ಪದವನ್ನು ಗುರುವಾರದೊಳಗೆ ಮೂವರು ಅಪರಿಚಿತರ ಮುಂದೆ ಬಳಸಿ ಬರಬೇಕು. ಒಂದು ಮಂಗಳವಾರದ ಪಾಠ, ಸುಮ್ಮನೆ ಕೂರದವರನ್ನು ಹೊಗಳುವ ಪದಗಳು. ಆಕ್ಟಿವ್! ಎನರ್ಜೆಟಿಕ್! ಬ್ರಿಸ್ಕ್, ಅಂದರೆ ಚುರುಕು! ಟಯರ್‌ಲೆಸ್, ಅಂದರೆ ದಣಿವೇ ಅರಿಯದವರು! ಎಂಥ ಪದಗಳು! ಬಾಯಲ್ಲಿಟ್ಟರೆ ಪಟಾಕಿ ಸಿಡಿದಂತೆ. ನಮ್ಮ ಅನ್ಸೆಲ್ಮೊ ಅಣ್ಣ ತನ್ನ ಪಾಲಿನ ಪದವನ್ನು ರಸ್ತೆಯಲ್ಲಿ ಕಾರು ತಡೆದ ಪೊಲೀಸಿನ ಮೇಲೇ ಬಳಸಿದ: "ಸಾಹೇಬ್ರೇ, ನಾನು ಜೋರಾಗಿ ಓಡಿಸ್ಲಿಲ್ಲ, ಬ್ರಿಸ್ಕಾಗಿ ಓಡಿಸ್ದೆ." ಪೊಲೀಸ್ ನಕ್ಕ. ನಗುತ್ತಲೇ ದಂಡದ ಚೀಟಿ ಹರಿದುಕೊಟ್ಟ.

ನಗಬೇಡಿ, ನನ್ನದು ಅದಕ್ಕಿಂತ ದುಬಾರಿ.

ಬುಧವಾರದ ಹೊತ್ತಿಗೆ ನನಗೆ ಇಬ್ಬರು ಅಪರಿಚಿತರು ಸಿಕ್ಕಿದ್ದರು. ಮೂರನೆಯವರು ಬೇಕಿತ್ತು. ಅಂದೇ ಅಮ್ಮನನ್ನು ಕಾರ್ಖಾನೆಯ ನರ್ಸ್ ಹತ್ತಿರ ಕರೆದುಕೊಂಡು ಹೋದೆ. ಅಮ್ಮ, ನೀವೆಲ್ಲ ಗೌರವದಿಂದ ಕರೆಯುವ ದೊನ್ಯಾ ಫ್ಲೋರಿಂದಾ, ಒಂಬತ್ತು ವರ್ಷದಿಂದ ಕೋಳಿಯ ತೊಡೆಯಿಂದ ಮೂಳೆ ಬಿಡಿಸುವವಳು. ಇಂಗ್ಲಿಷ್ ಬಾರದ ಅವಳು ನನಗೆ ಹೇಳಿದ್ದು ಇಷ್ಟೇ: "ಬೆರಳು ಜೋಮು ಹಿಡಿದಿದೆ, ಚಾಕು ನಿಲ್ತಿಲ್ಲ ಅಂತ ಹೇಳೇ."

ನಾನು ಏನು ಹೇಳಿದೆ? ಬೆರಳು ಸ್ವಲ್ಪ ಜೋಮು ಅಂದೆ. ಆಮೇಲೆ ಆ ನರ್ಸಿನ ಮುಖ ನೋಡಿದೆ. ಇವಳೂ ಕೆಲಸಗಳ್ಳಿ ಎಂದುಕೊಂಡಾರು ಎಂದು ನನಗೆ ನಾಚಿಕೆಯಾಯಿತು. "ನಮ್ಮಮ್ಮ ಸೋಮಾರಿ ಅಲ್ಲ ಮೇಡಂ! ಆಕ್ಟಿವ್! ಎನರ್ಜೆಟಿಕ್! ಟಯರ್‌ಲೆಸ್!" ನರ್ಸ್ ಹೇಳಿದರು, "ಅಬ್ಬಾ, ಎಷ್ಟು ಚೆನ್ನಾಗಿ ಮಾತಾಡ್ತೀಯಮ್ಮಾ!" ಒಂದೊಂದು ಪದವನ್ನೂ ಬರೆದುಕೊಂಡರು. ಗುರುವಾರ ಈ ತರಗತಿಯಲ್ಲಿ ನೀವು ನನಗೆ ಚಪ್ಪಾಳೆ ಹೊಡೆದಿರಿ. ಶುಕ್ರವಾರ ಅಮ್ಮನನ್ನು ಇನ್ನೂ ವೇಗದ ಸಾಲಿಗೆ ಹಾಕಿದರು.

ಇದನ್ನು ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ. ಇರಲಿ, ಬಾಯಿಗೆ ಬಂತು.

ಈಗ ಅಮ್ಮನಿಗೆ ಲೋಟ ಹಿಡಿಯಲು ಎರಡೂ ಕೈ ಬೇಕು. ಚಾಕುವಿನ ಸಾಲಿನಿಂದ ಬಿಡಿಸಿ, ಪೊಟ್ಟಣ ಕಟ್ಟುವ ಕಡೆಗೆ ಹಾಕಿ ಎಂದು ಅರ್ಜಿ ಕೊಟ್ಟರೆ ಮ್ಯಾನೇಜರ್ ಆ ನರ್ಸಿನ ಕಾಗದ ತೋರಿಸಿದರು: ದಣಿವರಿಯದವರು. ಮನೆಗೆ ಬಂದು ಅಮ್ಮನಿಗೆ ಓದಿ ಹೇಳಿದೆ. ಅವಳು ಬೈಯಲಿಲ್ಲ. "ನಾನು ಹೇಳಿದ್ದು ಎರಡೇ ಮಾತು, ನೀನು ಅಷ್ಟುದ್ದ ಹೇಳ್ದೆ. ಇಂಗ್ಲಿಷಲ್ಲಿ ಅಷ್ಟು ಉದ್ದ ಆಗುತ್ತೇನೋ ಅಂದ್ಕೊಂಡೆ ಮಗಳೇ" ಅಂದಳು.

ಭಾಷೆ ಇಲ್ಲದವನ ನೋವಿಗೆ ಸಾಕ್ಷಿ ಇಲ್ಲ! ಗೋಡೆಗೆ ಅಂಟಿಸಿದ್ದೆ ಆ ಕರಪತ್ರವನ್ನು. ಅದರ ಕೆಳಗೇ ಕೂತು ಅಮ್ಮ ಕೈಗೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳುತ್ತಿದ್ದಳು.

ಮರುವಾರವೇ ಅವಳು ಈ ತರಗತಿಯ ಕೊನೆಯ ಬೆಂಚಿನಲ್ಲಿ ಬಂದು ಕೂತಳು. ಹೊಗಳಿಕೆಯ ಪದ ಒಂದೂ ಬೇಡವೆಂದಳು. ಬೆರಳು, ಜೋಮು, ಚಾಕು, ನಿಧಾನ. ಇವನ್ನು ಕಲಿಸಿ ಎಂದಳು. ಬರುವ ಸೋಮವಾರ ಮ್ಯಾನೇಜರ್ ಮುಂದೆ ಅವಳ ಅರ್ಜಿಯ ವಿಚಾರಣೆ. "ನಾನೂ ಬರ್ತೀನಮ್ಮ" ಅಂದೆ. "ಬಾ. ಬಾಗಿಲ ಹತ್ರ ಕೂತ್ಕೋ" ಅಂದಳು.

ಇಂದಿನ ಕಾರ್ಯಕ್ರಮ ಪಟ್ಟಿಯಲ್ಲಿ 'ದೊನ್ಯಾ ಫ್ಲೋರಿಂದಾ ಅವರ ಮಾತು, ಅನುವಾದ ಮಗಳಿಂದ' ಎಂದಿದೆ. ಅನುವಾದ ಎಂಬುದನ್ನು ದಯವಿಟ್ಟು ಹೊಡೆದುಹಾಕಿ. ಸೋಮವಾರ ಹೇಳುವುದನ್ನೇ ಅವಳು ಇಂದು ನಿಮ್ಮೆದುರು ಹೇಳುತ್ತಾಳೆ. ನಡುವೆ ನಿಲ್ಲಿಸಿದರೆ ಯಾರೂ ಪದ ಕೊಡಬೇಡಿ. ಅನ್ಸೆಲ್ಮೊ ಅಣ್ಣ, ನೀನಂತೂ ಕೊಡಲೇಬೇಡ! ಕಾಯಿರಿ. ಅವಳು ಹುಡುಕಿಕೊಳ್ಳುತ್ತಾಳೆ.

ಪದ ಕೊಟ್ಟ ಟೀಚರಿಗೆ, ಜಾಗ ಕೊಟ್ಟ ಪಾದ್ರಿಗಳಿಗೆ, ಜೋಳದ ಹಿಟ್ಟಿನ ತಮಾಲೆ ಬೇಯಿಸಿ ತಂದ ಎಲ್ಲರಿಗೂ ಋಣಿ. ಅಮ್ಮಾ, ಮೈಕ್ ಸ್ವಲ್ಪ ಎತ್ತರ ಇದೆ, ನಾನು ಇಳಿಸಿ ಹೋಗುತ್ತೇನೆ. ನಮಸ್ಕಾರ.