ಹ್ಯಾಂಡಲಿಗೆ ಕಟ್ಟಿದ ಟವಲ್

ಸಹಿ ಆಮ್ಯಾಲೆ ಮಾಡಂತಿ ಕಾಜಲ, ಮೊದಲ ನಾ ಬರದ ಈ ಅರ್ಜಿ ಓದು. ಇಂಗ್ಲಿಷಿನ್ಯಾಗ ಐತಿ ಅಂತ ಹೆದರಬ್ಯಾಡ, ಎರಡ ವರ್ಷ ಈ ಪಾರಿಸ ಮಾಸ್ತರನ ಟ್ಯೂಷನ್ನಿಗೆ ಬಂದಾಕಿ ನೀ. ನಿಮ್ಮಪ್ಪ ದುಂಡೇಶ ಕಂಬದ ಮ್ಯಾಲ ಸತ್ತದ್ದು ವಿಚಾರಸಾಕ ನಾಳೆ ಚಿಕ್ಕೋಡಿಗೆ ಸಾಹೇಬ್ರು ಬರ್ತಾರ. ನಿಮ್ಮವ್ವ ಚನ್ನವ್ವಗ ಓದಾಕ ಬರಂಗಿಲ್ಲ. ನೀನ ಸಹಿ ಮಾಡಬೇಕು.

ಯಾಕ, ಅಲ್ಲೇ ನಿಂತಿ? ಯಾವ ಸಾಲು... 'ದಿ ಕರೆಂಟ್ ವಾಸ್ ಸ್ವಿಚ್ಡ್ ಆನ್.' ಕರೆಂಟ್ ಹಾಕಲಾಯಿತು. ಪ್ಯಾಸಿವ್ ವಾಯ್ಸ್ ಅದು, ಮರತೇನು?

ನೋಡು. 'ಅವ್ವ ರೊಟ್ಟಿ ಬಡದ್ಲು.' ಇದರಾಗ ಅವ್ವ ಮುಂದ ನಿಂತಾಳ. ಈಗ ರೊಟ್ಟಿನ್ನ ಮುಂದ ತಗೊಂಬಾ. ಆಮ್ಯಾಲೆ ವಾಸ್ ಹಚ್ಚು, ಭಾಳ ರೊಟ್ಟಿ ಇದ್ರ ವೇರ್ ಹಚ್ಚು, ಆಮ್ಯಾಲೆ ಕ್ರಿಯಾಪದದ ಮೂರನೇ ರೂಪ. ಕಡೀಕ ಬೈ ಅಂದು ಅವ್ವನ್ನ ನಿಲ್ಲಸು. ಬ್ಯಾಡಾದ್ರ ಆಕಿನ್ನ ಬಿಟ್ಟಬಿಡು, ವಾಕ್ಯಕ್ಕ ಏನೂ ಆಗಂಗಿಲ್ಲ. ರೊಟ್ಟಿ ಇರತೈತಿ, ಬಡದಾಕಿ ಇರಂಗಿಲ್ಲ.

ಯಾವಾಗ ಬಳಸಬೇಕು? ಮಾಡಿದವ ಯಾರಂತ ಗೊತ್ತಿಲ್ಲದಾಗ. ಇಲ್ಲಾ, ಮಾಡಿದವನಕಿಂತ ಆದದ್ದು ದೊಡ್ಡದಿದ್ದಾಗ. ಮೂರನೇದು ಪುಸ್ತಕದಾಗ ಇಲ್ಲ, ಅದನ್ನ ನಾ ಕಚೇರಿ ಬಾಗಲದಾಗ ಕಲತೆ. 'ನಿಮ್ಮ ಅರ್ಜಿಯನ್ನು ಪರಿಶೀಲಿಸಲಾಗುತ್ತಿದೆ.' ಪರಿಶೀಲಸಾವ ಯಾರಲೇ, ಅವನ ಮಾರಿ ತೋರಸ್ರಿ ಅಂತ ಬಸ್ ಸ್ಟ್ಯಾಂಡಿನ್ಯಾಗ ಮೈಕ್ ಹಿಡದು ಒದರೀನಿ. ನೀನೂ ಚಪ್ಪಾಳಿ ಹೊಡದಿ.

ಹಂಗ ನೋಡಬ್ಯಾಡ. ಕರೆಂಟ್ ಹಾಕಿದವ ಯಾರಂತ ಗೊತ್ತಿದ್ರ ನಾ ಬರೀತಿದ್ದಿಲ್ಲೇನು?

ಹೌದು, ಲೈನ್‌ಮನ್ ಸುರಜನ್ನ ಕೆಲಸ ಬಿಡಿಸ್ಯಾರ. ಹೆಂಡತಿನ್ನ ತವರಿಗೆ ಕಳಿಸ್ಯಾನಂತ, ಕೇಳೀನಿ. ನಾ ಅವನ ಹೆಸರು ಎಲ್ಲೆ ಬರದೀನಿ? ನಿಮ್ಮಪ್ಪ ಹ್ಯಾಂಡಲಿಗೆ ಕಟ್ಟಿದ್ದ ಟವಲ್ ಸುರಜನs ಬಿಚ್ಚಿರಬೇಕು ಅಂದಾವ್ರು ಊರಾಗಿನ ಮಂದಿ. ನಾ ಬರೇ ಸುಮ್ಮನಿದ್ದೆ.

ಆತು, ಅದು ಬಿಡು. ಸಾಹೇಬ್ರು ಟವಲಿಂದು ಕೇಳಿದ್ರ ಹಿಂಗ ಹೇಳು. ಸರ, ಟ್ರಾನ್ಸ್‌ಫಾರ್ಮರಿನ ಫ್ಯೂಜ್ ಹಾರಿದ್ರ ನಾವು ಲೈನ್‌ಮನ್ ದಾರಿ ಕಾಯಂಗಿಲ್ಲ, ಅಂವಾ ಬರೂದ್ರಾಗ ಬೆಳಿ ಒಣಗಿರತೈತಿ. ಕಂಬದ ಬುಡದಾಗಿನ ಹ್ಯಾಂಡಲ್ ಕೆಳಗ ಜಗ್ಗಿ ಕರೆಂಟ್ ಬಂದ್ ಮಾಡತೀವಿ. ಕಂಬ ಏರಾವ ತನ್ನ ಟವಲ್ ಆ ಹ್ಯಾಂಡಲಿಗೆ ಕಟ್ಟತಾನ. ಕಟ್ಟಿದವನ ಇಳದು ಬಂದು ಬಿಚ್ಚಬೇಕು. ಬ್ಯಾರೆ ಯಾರೂ ಮುಟ್ಟಂಗಿಲ್ಲ, ಹೆತ್ತ ತಂದಿ ಆದ್ರೂ ಮುಟ್ಟಂಗಿಲ್ಲ. ಸರಕಾರದ ಬೀಗಕ್ಕಿಂತ ನಮಗ ಆ ಟವಲ್ ಗಟ್ಟಿ. ಹೀಂಗ ಹೇಳು.

ನಾನs? ನಾ ಅವತ್ತ ನಿಪ್ಪಾಣ್ಯಾಗ ಧರಣಿಗೆ ಕುಂತಿದ್ದೆ. ಎಷ್ಟ ಸಲ ಹೇಳಲಿ? ಬರೂದ್ರಾಗ ಎಲ್ಲಾ ಮುಗದಿತ್ತು.

ಎಲ್ಲಿ ಹೊಂಟಿ? ಬೋರ್ಡ್ ಒರಸಾಕ? ಡಸ್ಟರ್ ಇಲ್ಲೇ ಕಿಡಕ್ಯಾಗ ಐತಿ... ಆ ಕಪಾಟ ಬ್ಯಾಡ. ಬ್ಯಾಡ ಕಾಜಲ, ಅದರಾಗ ಹಳೇ ಪೇಪರ ಅದಾವ, ಧೂಳ—

ಅದು... ಅದು ಅರಿವಿ. ಬೋರ್ಡ್ ಒರಸೂದು. ಇಂಥಾ ಟವಲ್ ಸಂತ್ಯಾಗ ರಾಶಿ ಬಿದ್ದಿರತಾವ.

ಟವಲಿನ ಮೂಲಿ ಯಾಕ ನೋಡಾಕತ್ತಿ?

ಹಸರ ದಾರ. ನಿಮ್ಮವ್ವನ ಹೊಲಿಗಿ.

ಕುಂಡ್ರು. ಬ್ಯಾಡಾ? ನಿಂತ ಕೇಳು. ಬೈಯಿ ಬೇಕಾದ್ರ, ಖರೇನ ಬೈಯಿ.

ಅಂವಾ ಇಳದಿದ್ದ ಕಾಜಲ. ನನ್ನ ಕಣ್ಣಲೆ ನೋಡೀನಿ. ಎರಡ ಫ್ಯೂಜ್ ಕಟ್ಟಿ ಇಳದು, ಬಾವಿ ದಂಡ್ಯಾಗ ನೀರ ಕುಡದ. ಕೆಲಸ ಮುಗೀತು ಅನಕೊಂಡೆ. ನಾಕಕ್ಕ ಕರೆಂಟ್ ಹೋಗೂದಿತ್ತು, ನನ್ನ ಕಬ್ಬಿಗೆ ಇನ್ನೂ ನಾಕ ಸಾಲು ನೀರ ಮುಟ್ಟಿದ್ದಿಲ್ಲ. ಅಂವಾ ಮತ್ತ ಕಂಬದತನಕ ನಡಕೊಂಡ ಯಾಕ ಬರಬೇಕು, ನಾನ ಬಿಚ್ಚಿದ್ರ ಆತು ಅಂದೆ. ಕಬ್ಬಿನ್ಯಾಗಿಂದ ಕಂಬದ ಬುಡಕ್ಕ ಬಂದು, ಬಿಚ್ಚಿ ಹೆಗಲಿಗೆ ಹಾಕ್ಕೊಂಡೆ. ಹ್ಯಾಂಡಲ್ ಮ್ಯಾಲಕ್ಕ ಒತ್ತಿದೆ. ಮ್ಯಾಲ ನೋಡಲಿಲ್ಲ. ಬರೇ ಕತ್ತ ಎತ್ತಿದ್ರ ಆಗತಿತ್ತು... ಮೂರನೇ ಫ್ಯೂಜ್ ಉಳದಿತ್ತು. ಟವಲ್ ಐತಿ ಅಂತ ನಂಬಿ ಅಂವಾ ತಿರಗಿ ಏರಿದ್ದ.

ಮೂರ ದಿನ ನಿಮ್ಮವ್ವ ಕೇಳಿದ್ಲು, ಅವರ ಟವಲ್ ಎಲ್ಲಿ, ಅದನ್ನೂ ಮಣ್ಣಾಗ ಇಡಬೇಕಿತ್ತು ಅಂತ. ನಾ ಬಾಜೂಕ ಕುಂತ ಸಮಾಧಾನ ಹೇಳಿದೆ. ಆಮ್ಯಾಲೆ ಬಂದು ಈ ಅರ್ಜಿ ಬರದೆ. ಕನ್ನಡದಾಗ ಬರ್ಯಾಕ ಕೈ ಬರಲಿಲ್ಲ.

ಮಂದಿ ಮುಂದ ಹೇಳಬೇಕಂತ ಎದ್ದೀನಿ, ಒಂದಲ್ಲ ಎರಡಲ್ಲ. ಮೈಕ್ ಕೈಯಾಗ ಕೊಟ್ರ ಮತ್ತ ಕರೆಂಟ್ ಕಂಪನಿಗೇ ಬೈದೀನಿ.

ಅರ್ಜಿ ಮಡಚಬ್ಯಾಡ. ಅದನ್ನ ನಾಳೆ ಸಾಹೇಬ್ರಿಗೆ... ಒಯ್ಯಿ. ಸುರಜನ್ನೂ ಕರಕೊಂಡ ಹೋಗು. ನಾ ಬರ್ತೀನಿ ಅಂದ್ರ ನೀ ನಂಬಂಗಿಲ್ಲ, ನನಗೂ ನಂಬಿಕಿಲ್ಲ.

ಪೆನ್ ಇಲ್ಲೇ ಬಿಟ್ಟ ಹೊಂಟಿ. ಟವಲ್ ಮಾತ್ರ ಬಿಡವಲ್ಲಿ, ಯವ್ವಾ.

ಬಾಗಲಕ್ಕ ಏನ ಮಾಡಾಕತ್ತಿ? ಚಿಲಕಕ್ಕ ಯಾಕ ಕಟ್ಟತಿ ಆ ಟವಲ್? ಕಾಜಲ... ಹೋಗಬ್ಯಾಡ. ನೀ ಕಟ್ಟೀದಿ. ನೀನ ಬಂದು ಬಿಚ್ಚಬೇಕು. ನಾ ಇನ್ನ ಅದನ್ನ ಮುಟ್ಟಂಗಿಲ್ಲಲ್ಲ...