ಬಾವಿ ಸುತ್ತುವ ಗೂಡ್ಸ್ ಗಾಡಿ

ದೀಪ ಸ್ವಲ್ಪ ಸಣ್ಣ ಮಾಡಿ. ಕಿಟಕಿ ಮಾತ್ರ ತೆಗೆದೇ ಇರಲಿ... ಆಮೇಲೆ ಏನಾದ್ರೂ ಸದ್ದು ಬಂದ್ರೆ ಹೊರಗಿಂದೋ ಒಳಗಿಂದೋ ಅಂತ ಗೊತ್ತಾಗಬೇಕಲ್ಲ.

ಇದು ಯಾರೋ ಯಾರಿಗೋ ಹೇಳಿದ್ದಲ್ಲ. ನಮ್ಮ ಚಿಕ್ಕಮ್ಮನ ಮಗ ಇದಾನಲ್ಲ, ನಾನು ಅಣ್ಣ ಅನ್ನೋದು, ಅವನಿಗೇ ಆದದ್ದು. ಅವನ ಬಾಯಿಂದಲೂ ಕೇಳಿದೀನಿ, ಅತ್ತಿಗೆ ಬಾಯಿಂದಲೂ ಕೇಳಿದೀನಿ. ಆ ಇಬ್ಬರೂ ಸಾರಿಗೆ ಉಪ್ಪು ಎಷ್ಟು ಅನ್ನೋದರಲ್ಲೂ ಒಮ್ಮತಕ್ಕೆ ಬಂದವರಲ್ಲ. ಇದೊಂದರಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು.

ಅವತ್ತು ರಾತ್ರಿ ಅಣ್ಣ ಒಬ್ಬನೇ ನಡ್ಕೊಂಡು ಮನೆಗೆ ಬರ್ತಿದ್ದ. ಹೆಂಡತಿ ಮಗಳನ್ನ ಮೊದಲೇ ಕಳಿಸಿಬಿಟ್ಟಿದ್ದ. ಬೀದಿಯಲ್ಲಿ ನರಪಿಳ್ಳೆ ಇಲ್ಲ. ಹೆಗಲಲ್ಲಿ ಒಂದು ಬಟ್ಟೆ ಚೀಲ. ಅದರೊಳಗೆ ಹತ್ತಿಯಲ್ಲಿ ಸುತ್ತಿದ ಗೇಣುದ್ದದ ಒಂದು ಮರದ ಆಟದ ರೈಲು ವ್ಯಾಗನ್. ಪಕ್ಕದಲ್ಲಿ ಮೊದಲ ಬಹುಮಾನದ ಬೆಳ್ಳಿ ಬಣ್ಣದ ಕಪ್. ಬಹುಮಾನ ಗೆದ್ದವನು ಎದೆ ಉಬ್ಬಿಸಿ ನಡೀಬೇಕು ತಾನೇ? ಇವನು ಕಳ್ಳಬೆಕ್ಕಿನ ಹಾಗೆ ಗೋಡೆ ಸವರಿಕೊಂಡು ಬರ್ತಿದ್ದ.

ಓಣಿಯ ಕೊನೆಗೆ ಒಂದು ಮೋಟು ಕಾಂಪೌಂಡು. ಅದರಾಚೆ ಕೈತೋಟ, ತೋಟದ ನಡುವೆ ಹಳೇ ಬಾವಿ. ಅದನ್ನ ದಾಟಿದ್ರೆ ಅವನ ಮನೆ.

ಬಾವಿಯ ನೇರಕ್ಕೆ ಬಂದಾಗ ಕೇಳಿಸ್ತು.

ಟಕ-ಟಕ್... ಟಕ-ಟಕ್... ಟಕ-ಟಕ್...

ಅಣ್ಣ ನಿಂತ. ಆ ಸದ್ದು ಅವನಿಗೆ ಚೆನ್ನಾಗಿ ಗೊತ್ತು. ಕಂಬಿಯ ಸಂದುಗಳ ಮೇಲೆ ಪುಟ್ಟ ಚಕ್ರಗಳು ಹಾಯುವ ಸದ್ದು. ಆದರೆ ಆ ತೋಟದಲ್ಲಿ ಈಗ ಕಂಬಿಯೇ ಇರಲಿಲ್ಲ.

ತಾಳಿ, ಹೇಳ್ತೀನಿ. ಆ ತೋಟ ಯಾರದು ಅಂತ ಮೊದಲು ಹೇಳಬೇಕು.

ಅದು ಗಾರ್ಡ್ ಮಾಮನ ತೋಟ. ಬಂಧು ಅಲ್ಲ, ಪಕ್ಕದ ಮನೆಯವರು. ನಿಜವಾದ ರೈಲ್ವೆ ಗಾರ್ಡೂ ಅಲ್ಲ, ಜೀವಮಾನವೆಲ್ಲ ಔಷಧಿ ಅಂಗಡಿ ಇಟ್ಟಿದ್ದವರು. ವಯಸ್ಸಾಗಿ ಅಂಗಡಿ ಮುಚ್ಚಿದ ಮೇಲೆ ತೋಟದ ತುಂಬ ಅಂಗೈ ಅಗಲದ ರೈಲು ದಾರಿ ಹಾಕಿಸಿಕೊಂಡ್ರು. ಹಿತ್ತಾಳೆ ಕಂಬಿ, ಬ್ಯಾಟರಿ ಇಂಜಿನ್ನು, ಹಿಂದೆ ಗೂಡ್ಸ್ ವ್ಯಾಗನ್‌ಗಳು. ಅಡಿಗೆಮನೆ ಮೆಟ್ಟಿಲಿಂದ ಹೊರಟು, ಗಿಡಗಳ ಬುಡದಲ್ಲಿ ಹಾದು, ಬಾವಿಯ ಹಿಂದೆ ಮರೆಯಾಗಿ, ಈಚೆ ಬರಬೇಕು. ಮಾಮ ಕುರ್ಚಿ ಹಾಕ್ಕೊಂಡು, ಹಸಿರು ಬಟ್ಟೆ ಹಿಡ್ಕೊಂಡು ಕೂತಿರೋರು. ಬಾವಿ ಹಿಂದಿನಿಂದ ಒಂದೊಂದೇ ವ್ಯಾಗನ್ ಈಚೆ ಬಂದ ಹಾಗೆ, "ಬಂತು... ಇದೂ ಬಂತು... ಇದೂ ಬಂತು..." ಅಂತ ಲೆಕ್ಕ ಹಾಕೋರು. "ಮರೆಗೆ ಹೋದದ್ದೆಲ್ಲ ವಾಪಸ್ ಬರಬೇಕು ಕಣೋ. ಗಾರ್ಡ್ ಕೆಲಸ ಅಂದ್ರೆ ಅಷ್ಟೇ" ಅನ್ನೋರು.

ನಮ್ಮ ಅಣ್ಣನ ಕಸುಬು ಹಲ್ಲಿನ ಸೆಟ್ ಮಾಡೋದು. ಡಾಕ್ಟರು ಅಚ್ಚು ತೆಗೆದು ಕಳಿಸ್ತಾರೆ, ಇವನು ಹಲ್ಲು ಕೂರಿಸಿ ಕೊಡ್ತಾನೆ. ಅದರಲ್ಲೊಂದು ಗುಟ್ಟಿದೆ. ಹೊಸ ಹಲ್ಲು ಹಾಲಿನ ಹಾಗೆ ಹೊಳೆದ್ರೆ ಯಾರೂ ನಂಬಲ್ಲ. ಪಕ್ಕದ ಹಲ್ಲಿಗೆ ಸರಿಹೋಗೋ ಹಾಗೆ ಒಂಚೂರು ಹಳದಿ, ಒಂಚೂರು ಟೀ ಕಲೆ ಕೂರಿಸಬೇಕು. ಅದೇ ಕೈಚಳಕವನ್ನ, ಬಿಡುವಿನಲ್ಲಿ ತಾನು ಮಾಡೋ ಪುಟಾಣಿ ವ್ಯಾಗನ್‌ಗಳಿಗೂ ತಂದಿದ್ದ. ಪಾತ್ರೆ ಉಜ್ಜೋ ಕಬ್ಬಿಣದ ನಾರನ್ನ ವಿನೆಗರಿನಲ್ಲಿ ನೆನೆಹಾಕಿ, ಆ ನೀರು ಬಳಿದ್ರೆ ಹೊಸ ಮರ ಕ್ಷಣದಲ್ಲಿ ಬೂದಿ ಬಣ್ಣಕ್ಕೆ ತಿರುಗುತ್ತೆ. ಮೂಲೆಗಳಿಗೆ ಇದ್ದಿಲ ಪುಡಿ. ಬೋಲ್ಟ್ ತಲೆಯಿಂದ ಕೆಳಕ್ಕೆ ಇಳಿಯೋ ತುಕ್ಕಿನ ಗೆರೆ, ಕೂದಲೆಳೆಯಷ್ಟು. ಅವನ ಕೈಗೆ ಹೋದ ವ್ಯಾಗನ್ ನೋಡಿದ್ರೆ ಬಿಸಿಲು ಮಳೆಯಲ್ಲಿ ಊರೂರು ಅಲೆದು ಬಂದ ಹಾಗೆ ಕಾಣ್ತಿತ್ತು.

ಹಳತು ಮಾಡೋದರಲ್ಲಿ ಅವನು ರಾಜ. ಆದರೆ ಕಟ್ಟೋದು... ಅದು ಬರ್ತಿರಲಿಲ್ಲ. ಹಲಗೆ ಎಲ್ಲೋ ಸೊಟ್ಟ, ಅಂಟು ಎಲ್ಲೋ ಆಚೆ. ತುಕ್ಕು ಬಳಿದು ಮುಚ್ಚಿಹಾಕೋನು.

ಒಂದು ದಿನ ಗಾರ್ಡ್ ಮಾಮ ಕಾಂಪೌಂಡಿನ ಮೇಲಿಂದ ಒಂದು ವ್ಯಾಗನ್ ಕೊಟ್ರು. ಬಣ್ಣ ಕಾಣದ ಹೊಸ ಮರ. ಅಷ್ಟೊತ್ತಿಗೆ ಅವರ ಕೈ ನಡುಗೋಕೆ ಶುರುವಾಗಿತ್ತು.

"ಮನೇಲೇ ಕಟ್ಟಿದ್ದು. ಹಳತು ಮಾಡಿಕೊಡಪ್ಪಾ. ಇದು ಓಡೋದನ್ನ ಒಂದ್ಸಲ ನೋಡಬೇಕು."

ಅಣ್ಣ ತಿರುಗಿಸಿ ನೋಡಿದ. ಗುಂಡುಸೂಜಿ ತಲೆಯಷ್ಟು ಬೋಲ್ಟುಗಳು, ಒಂದೊಂದೂ ಸಾಲು ಬಿಡದೆ. ಅಂಟಿನ ಒಂದು ಹನಿ ಹೊರಗೆ ಕಾಣಲ್ಲ. ಹೊಟ್ಟೆಕಿಚ್ಚು ಎಲ್ಲಿಂದ ಬಂತೋ! "ಆಗ್ಲಿ ಮಾಮ" ಅಂದ. ತಂದು ಶೆಲ್ಫಿನ ಮೇಲಿಟ್ಟ. ಇಟ್ಟ, ಅಷ್ಟೇ.

ಮಾಮ ದಿನಾ ಗೋಡೆಯಾಚೆಯಿಂದ ಕೇಳೋರು. "ಎಲ್ಲಿಗೆ ಬಂತಪ್ಪಾ ನನ್ನ ವ್ಯಾಗನ್ನು?"

"ಇವತ್ತು ನಾಳೆ ಮಾಮ, ಇವತ್ತು ನಾಳೆ."

ಆಮೇಲೆ ಮಾಮ ಹಾಸಿಗೆ ಹಿಡಿದ್ರು. ಅತ್ತೆ, ಅಂದ್ರೆ ಮಾಮನ ಹೆಂಡತಿ, ಒಂದೆರಡು ಸಲ ಹೇಳಿಕಳಿಸಿದ್ರು. ಅಣ್ಣ ಹೋಗಲಿಲ್ಲ. ಬರಿಗೈಲಿ ಹೋಗೋಕೆ ನಾಚಿಕೆ. ಮಾಮ ಹೋಗಿಬಿಟ್ರು. ಅತ್ತೆ ಕಂಬಿಗಳನ್ನ ಕಿತ್ತು, ಕಟ್ಟು ಕಟ್ಟಿ, ಹಿತ್ತಲ ಕೋಣೆಯಲ್ಲಿ ಹಾಕಿಸಿದ್ರು. ಅವರು ಆ ವ್ಯಾಗನ್ನಿನ ವಿಷಯ ಎತ್ತಲಿಲ್ಲ. ಇವನೂ ಎತ್ತಲಿಲ್ಲ.

ಆಮೇಲೆ ಕೂತು ಕೆಲಸ ಮಾಡಿದ ನೋಡಿ! ಅಂಥಾ ತುಕ್ಕು, ಅಂಥಾ ಬೂದಿ ಬಣ್ಣ ಅವನ ಕೈಯಿಂದ ಯಾವತ್ತೂ ಬಂದಿರಲಿಲ್ಲವಂತೆ. ವಾಪಸ್ ಕೊಡೋಣ ಅಂದ್ಕೊಳ್ತಿರುವಾಗಲೇ, ಪುಟಾಣಿ ರೈಲಿನವರ ಸಂಘದ ಪ್ರದರ್ಶನ ಬಂತು. ತಗೊಂಡು ಹೋದ. ತೀರ್ಪುಗಾರರು ಭೂತಗನ್ನಡಿ ಹಿಡಿದು ನೋಡಿ ಬೆರಗಾದ್ರು.

"ಬಣ್ಣ ಇರಲಿ ಸ್ವಾಮಿ, ಇದನ್ನ ಕಟ್ಟಿದ್ದು ಯಾರು?"

ಮಗಳು ಪಕ್ಕದಲ್ಲೇ ನಿಂತು ಅಪ್ಪನ ಮುಖ ನೋಡ್ತಿದ್ದಳು.

"...ನಾನೇ."

ಚಪ್ಪಾಳೆ. ಕಪ್. ಫೋಟೋ. ಅಣ್ಣ ನಗ್ತಾ ತಿರುಗಿದ... ಜನರ ನಡುವೆ ಅತ್ತೆ ನಿಂತಿದ್ರು. ಅವರು ಮೆಲ್ಲಗೆ ಬಂದು ಬಗ್ಗಿ ವ್ಯಾಗನ್ ನೋಡಿದ್ರು. "ಚೆನ್ನಾಗಿ ಹಳತಾಗಿದೆ ಕಣಪ್ಪಾ" ಅಂದ್ರು. ಹೊರಟುಹೋದ್ರು. ಅಷ್ಟೇ. ಬೈದಿದ್ರೆ ಎಷ್ಟೋ ಚೆನ್ನಾಗಿತ್ತು ಅಂತ ಅಣ್ಣ ಇವತ್ತಿಗೂ ಅಂತಾನೆ. ಭೂಮಿ ಬಾಯಿ ಬಿಡಬಾರದಾ ಅನ್ನಿಸಿತಂತೆ. ಅದಕ್ಕೇ ಆ ರಾತ್ರಿ ಎಲ್ಲರೂ ಹೋದ ಮೇಲೆ, ಒಬ್ಬನೇ, ಗೋಡೆ ಸವರಿಕೊಂಡು...

ಟಕ-ಟಕ್... ಟಕ-ಟಕ್...

ಕಾಂಪೌಂಡಿನ ಮೇಲಿಂದ ಇಣುಕಿದ. ಬೆಳದಿಂಗಳಿತ್ತು. ತೋಟ ಖಾಲಿ. ಸದ್ದು ಮಾತ್ರ ಗಿಡಗಳ ಬುಡದಲ್ಲಿ ಹಾದು ಹೋಗ್ತಿದೆ. ತಿರುವಿನಲ್ಲಿ ಕೀಂ...ಯ್ ಅಂತ ಚಕ್ರ ಉಜ್ಜಿತು. ಬಾವಿ ಹಿಂದೆ ಹೋಯ್ತು. ನಿಂತಿತು. ನಿಲ್ಲುವಾಗ ವ್ಯಾಗನ್‌ಗಳು ಒಂದಕ್ಕೊಂದು ತಾಗ್ತವಲ್ಲ, ಹಾಗೆ... ಕಡ್... ಕಡ್... ಕಡ್...

ಆಮೇಲೆ ಪಿಸುದನಿ. ಕಿವಿ ಪಕ್ಕದಲ್ಲಲ್ಲ, ಬಾವಿ ಪಕ್ಕದಲ್ಲಿ.

"ಇನ್ನೊಂದು ಬರಬೇಕು..."

ಅಣ್ಣ ಕಾಂಪೌಂಡು ಹಿಡ್ಕೊಂಡ. "ಯಾ... ಯಾರದು?"

"ಇನ್ನೊಂದು ಬರಬೇಕಲ್ಲಪ್ಪಾ..."

ಹೆಗಲ ಚೀಲದೊಳಗೆ, ಹತ್ತಿಯ ಸುತ್ತಿನೊಳಗೆ, ಚಕ್ರ ತಿರುಗಿತು. ಕಿರ್‌ರ್... ಕಿರ್‌ರ್...

ಓಡಿದ. ಒಂದು ಚಪ್ಪಲಿ ಕಾಲಲ್ಲಿತ್ತು, ಇನ್ನೊಂದು ಎಲ್ಲೋ. ಮನೆ ಸೇರಿ ವ್ಯಾಗನ್ನನ್ನ ಗಾಜಿನ ಬೀರುವಿನೊಳಗಿಟ್ಟು ಬೀಗ ಹಾಕಿದ. ಅತ್ತಿಗೆಗೆ ನಾಯಿ ಅಟ್ಟಿಸಿಕೊಂಡು ಬಂತು ಅಂದ.

ಬೆಳಿಗ್ಗೆ ಅತ್ತಿಗೆ ಬೀರು ಮುಂದೆ ನಿಂತು ಕೇಳಿದ್ರು. "ಇದನ್ನ ಎಲ್ಲಿ ಓಡಿಸಿದ್ರಿ?"

"ಎಲ್ಲೂ ಇಲ್ಲ. ಯಾಕೆ?"

"ಚಕ್ರ ನೋಡಿ."

ಚಕ್ರಕ್ಕೆಲ್ಲ ಅವನು ತುಕ್ಕಿನ ಬಣ್ಣ ಬಳಿದಿದ್ದ. ಕಂಬಿಗೆ ತಾಗುವ ಅಂಚಿನಲ್ಲಿ ಮಾತ್ರ ಬಣ್ಣ ಸವೆದು, ಲೋಹ ಫಳಫಳ ಹೊಳೀತಿತ್ತು. ಅದು ಉಜ್ಜಿದ ಹೊಳಪಲ್ಲ. ಓಡಿ ಓಡಿ ಬಂದ ಹೊಳಪು. ಅಣ್ಣ ಮತ್ತೆ ಬಣ್ಣ ಬಳಿದ. ಮಾರನೇ ಬೆಳಿಗ್ಗೆ ಮತ್ತೆ ಸವೆದಿತ್ತು. ಈ ಸಲ ಚಕ್ರಕ್ಕೆ ಹಸಿ ಹುಲ್ಲಿನ ಎಳೆ ಸುತ್ತಿಕೊಂಡಿತ್ತು. ಬೀಗ ಹಾಕಿದ ಹಾಗೇ ಇತ್ತು.

ಅಣ್ಣನ ಬದುಕು ಹದಗೆಟ್ಟಿತು. ಅತ್ತೆ ಮನೆ ಮುಂದೆ ಹಾಯೋಕೆ ಮುಖವಿಲ್ಲದೆ ಊರು ಸುತ್ತಿ ಕೆಲಸಕ್ಕೆ ಹೋಗೋನು. ಯಾರದೋ ಹಲ್ಲು ಯಾರದೋ ಡಬ್ಬಿಗೆ ಹಾಕಿ ಬೈಸಿಕೊಂಡ. ಮಗಳು ಗೆಳತಿಯರನ್ನ ಕರ್ಕೊಂಡು ಬಂದು, "ನೋಡ್ರೇ, ನಮ್ಮಪ್ಪ ಕಟ್ಟಿದ್ದು" ಅಂದಾಗ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಕೊಂಡು ಸುಮ್ಮನೆ ನಿಂತಿದ್ನಂತೆ.

ಒಂದು ರಾತ್ರಿ ಕತ್ತಲಲ್ಲಿ ಅತ್ತಿಗೆಗೆ ಎಲ್ಲ ಹೇಳಿಬಿಟ್ಟ. ಅವರು ಎದ್ದು ದೀಪ ಹಾಕಿದ್ರು. ಆಮೇಲೆ, "ದೆವ್ವಕ್ಕೆ ಹೆದರ್ತೀರಾ, ಅತ್ತೆ ಮುಖಕ್ಕೆ ಹೆದರ್ತೀರಾ?" ಅಂತ ಕೇಳಿದ್ರು.

"ಅತ್ತೆ ಮುಖಕ್ಕೆ."

"ಹಾಗಾದ್ರೆ ಅಲ್ಲಿಗೇ ಹೋಗಿ."

ಹೋದ. ಹಗಲಲ್ಲೇ ಹೋದ. ವ್ಯಾಗನ್ನೂ ಕಪ್ಪೂ ಎರಡನ್ನೂ ಅತ್ತೆಯ ಮೇಜಿನ ಮೇಲಿಟ್ಟು, ತಲೆ ತಗ್ಗಿಸಿ ನಿಂತ. "ಅತ್ತೆ, ಮಾಮ ಕಟ್ಟಿದ್ದನ್ನ ನಂದು ಅಂದುಬಿಟ್ಟೆ. ತಪ್ಪಾಯ್ತು."

ಅತ್ತೆ ಕನ್ನಡಕ ತೆಗೆದು ಸೆರಗಲ್ಲಿ ಒರೆಸಿಕೊಂಡ್ರು.

"ಮಾಮ ಎಲ್ಲಿ ಕಟ್ಟಿದ್ರಪ್ಪಾ? ನೀರಿನ ಲೋಟ ಹಿಡಿಯೋಕೆ ಆಗ್ತಿತ್ತಾ ಅವರಿಗೆ? ಅದನ್ನ ಕಟ್ಟಿದ್ದು ನಾನು."

ಅಣ್ಣನಿಗೆ ತಲೆ ಎತ್ತೋಕೆ ಆಗಲಿಲ್ಲ. ಅತ್ತೆ ಪ್ರೆಸ್ಸಿನಲ್ಲಿ ಪುಸ್ತಕ ಬೈಂಡಿಂಗ್ ಮಾಡ್ತಿದ್ದವರು ಅಂತ ಇಡೀ ಓಣಿಗೆ ಗೊತ್ತು. ಅಂಟು, ಕತ್ತರಿ, ಅಳತೆ, ಎಲ್ಲ ಅವರ ಬೆರಳಲ್ಲೇ ಇತ್ತು. 'ಮನೇಲೇ ಕಟ್ಟಿದ್ದು' ಅಂತ ಮಾಮ ಹೇಳಿದ್ರಲ್ಲ, ಯಾರು ಕಟ್ಟಿದ್ದು ಅಂತ ಇವನು ಕೇಳಿರಲೇ ಇಲ್ಲ. ಸತ್ತವರದ್ದು ಕದ್ದೆ ಅಂತ ಇಷ್ಟು ದಿನ ಕೊರಗ್ತಿದ್ದ. ಕದ್ದದ್ದು ಬದುಕಿರೋರದ್ದು, ಅದೂ ಅವರ ಕಣ್ಣೆದುರಿಗೇ.

"ಮತ್ತೆ ಅವತ್ತು... ಅಲ್ಲಿ... ಯಾಕೆ ಹೇಳಲಿಲ್ಲ ಅತ್ತೆ?"

"ನಿನ್ನ ಮಗಳು ನಿನ್ನ ಕೈ ಹಿಡ್ಕೊಂಡು ನಿಂತಿದ್ದಳಲ್ಲೋ."

ಅಣ್ಣ ಅಲ್ಲೇ ಕುಸಿದು ಕೂತು ಅತ್ತ. ಅತ್ತೆ ಸಮಾಧಾನವನ್ನೇನೂ ಮಾಡಲಿಲ್ಲ. ಅಳೋದು ಮುಗಿಯೋ ತನಕ ಕಾದು, ದನಿ ತಗ್ಗಿಸಿ ಕೇಳಿದ್ರು.

"ರಾತ್ರಿ... ನಿನಗೂ ಕೇಳಿಸುತ್ತಾ?"

ಹಿತ್ತಲ ಕೋಣೆಗೆ ಕರ್ಕೊಂಡು ಹೋಗಿ ಕಂಬಿಯ ಕಟ್ಟು ತೋರಿಸಿದ್ರು. ಮೂಲೆಯಲ್ಲಿ ಬಿದ್ದ ಹಿತ್ತಾಳೆ ಕಪ್ಪಗಾಗಬೇಕು ತಾನೇ? ಬುಡವೆಲ್ಲ ಕಪ್ಪಗಾಗಿತ್ತು. ನೆತ್ತಿ ಮಾತ್ರ ಚಿನ್ನದ ಹಾಗೆ ಹೊಳೀತಿತ್ತು.

"ಕ್ಷಮಿಸಿಬಿಡಿ ಅತ್ತೆ."

"ನನ್ನದು ಆಮೇಲೆ ನೋಡೋಣ. ಎಲ್ಲಿ ಸುಳ್ಳು ಹೇಳಿದ್ಯೋ ಮೊದಲು ಅಲ್ಲಿ ಹೋಗಿ ಹೇಳು. ಈ ಕಪ್ಪನ್ನೂ ತಗೊಂಡು, ಮಗಳನ್ನೂ ಕರ್ಕೊಂಡು ಹೋಗು."

ಅದು ಎಲ್ಲಕ್ಕಿಂತ ಕಷ್ಟ. ಸಂಘದ ಸಭೆಯಲ್ಲಿ, ಅಷ್ಟೂ ಜನರ ಮುಂದೆ, ಮಗಳ ಮುಂದೆ ಎದ್ದು ನಿಂತು ಹೇಳಿದ. ಒಬ್ಬರು ಕೆಮ್ಮಿದ್ರು. ಒಬ್ಬ ಪಕ್ಕೆಂದು ನಕ್ಕ. ಮಗಳು ದಾರಿಯುದ್ದಕ್ಕೂ ಎರಡು ಹೆಜ್ಜೆ ಮುಂದೆಯೇ ನಡೆದಳು. ಮನೆ ಹತ್ತಿರ ಬಂದಾಗ, "ಪಕ್ಕದ್ಮನೆ ಅಜ್ಜಿಗೆ ಕಪ್ ನಾನೇ ಕೊಡ್ತೀನಿ" ಅಂದಳು. ಅಷ್ಟೇ. ಆ ಸಂಘದಲ್ಲಿ ಅಣ್ಣನನ್ನ ಈಗಲೂ ಕೆಲವರು ಮಾತಾಡಿಸಲ್ಲ. ಅವನೂ ಬೇಜಾರು ಮಾಡ್ಕೊಳಲ್ಲ.

ಮಾರನೇ ಭಾನುವಾರ ಅಣ್ಣ, ಅತ್ತಿಗೆ, ಅತ್ತೆ ಮೂವರೂ ಸೇರಿ ಮತ್ತೆ ಕಂಬಿ ಹಾಸಿದ್ರು. ಸಂಜೆ ಇಂಜಿನ್ನಿನ ಹಿಂದೆ ಎಲ್ಲ ವ್ಯಾಗನ್ ಜೋಡಿಸಿ, ಕೊನೆಗೆ ಇದನ್ನ ಕೊಂಡಿ ಹಾಕಿದ್ರು. ಗಾಡಿ ಹೊರಟಿತು. ಬಾವಿ ಹಿಂದೆ ಹೋಯ್ತು. ಯಾರೂ ಉಸಿರು ಬಿಡಲಿಲ್ಲ... ಒಂದೊಂದಾಗಿ ಈಚೆ ಬಂದವು. ಕೊನೆಯದೂ ಬಂತು. ಅತ್ತೆ ಸೆರಗು ಬಾಯಿಗೆ ಒತ್ತಿ ಹಿಡ್ಕೊಂಡು ಒಳಗೆ ಹೋದ್ರು.

ಅವತ್ತಿಂದ ರಾತ್ರಿ ಸದ್ದಿಲ್ಲ. ಅಣ್ಣನಿಗೂ ಇಲ್ಲ, ಅತ್ತೆಗೂ ಇಲ್ಲ.

ಆದರೆ ಮಾರನೇ ಬೆಳಿಗ್ಗೆ ಗಾಡಿ ಒಳಗಿಡೋಕೆ ಹೋದಾಗ ಅತ್ತೆ ಅಣ್ಣನನ್ನ ಕೂಗಿ ಕರೆದ್ರು. ನಿಜವಾದ ಗೂಡ್ಸ್ ವ್ಯಾಗನ್ನಿನ ಮೈಮೇಲೆ ರೈಲ್ವೆ ಯಾರ್ಡಿನವರು ಸೀಮೆಸುಣ್ಣದಲ್ಲಿ ಏನೋ ಗೀಚಿರ್ತಾರಲ್ಲ, ನೋಡಿದೀರಾ? ಹಾಗೆ ಆ ವ್ಯಾಗನ್ನಿನ ಬಾಗಿಲ ಪಕ್ಕ ಸೀಮೆಸುಣ್ಣದ ಗುರುತಿತ್ತು. ಒಂದು ಅಡ್ಡಗೆರೆ, ಅದರ ಮೇಲೊಂದು ಸೊನ್ನೆ. ಸಾಸಿವೆ ಕಾಳಿಗಿಂತ ದೊಡ್ಡದಲ್ಲ. ಅತ್ತೆ ಬರೆದದ್ದಲ್ಲ. ಅಣ್ಣ ಬರೆದದ್ದಲ್ಲ, ಅವನ ಅತಿ ಸಣ್ಣ ಕುಂಚಕ್ಕೂ ಆ ಗೆರೆ ಬರಲ್ಲ. ಗೂಡ್ಸ್ ಯಾರ್ಡಿನಲ್ಲಿ ಕೆಲಸ ಮಾಡಿದ ಒಬ್ಬರನ್ನ ಕರೆಸಿ ತೋರಿಸಿದ್ರು. ಅಂಥ ಗುರುತು ಅವರೂ ಕಂಡಿರಲಿಲ್ಲ.

ನಗಬೇಡಿ. ಭೂತಗನ್ನಡಿ ಹಿಡಿದು ನಾನೇ ನೋಡಿದೀನಿ. ಕೊನೆಗಾಲದಲ್ಲಿ ಮಾಮನ ಕೈ ನಡುಗ್ತಿತ್ತಲ್ಲ, ಈ ಗೆರೆ ಮಾತ್ರ ಒಂಚೂರೂ ನಡುಗಿಲ್ಲ.